ಮರದ ನೆಲ ಸರಿ, ಅಂಟು ಯಾವುದು ಸ್ವಾಮಿ?

ನಮ್ಮ ಸ್ಟುಡಿಯೋದಲ್ಲಿ ಹೊಸ ಸೆಟ್ ಹಾಕಿಸಿದ ವಾರ ಅದು. ನೀವು ಟಿವಿಯಲ್ಲಿ ನೋಡಿರ್ತೀರಿ. ಮಿರಿಮಿರಿ ಮಿಂಚುವ ಮರದ ಬಣ್ಣದ ನೆಲ, ಹಿಂದೆ ದೊಡ್ಡ ಸ್ಕ್ರೀನು, ನಡುವೆ ನಾನು. ಟಿವಿಯಲ್ಲಿ ನಿಮಗೆ ಕಾಣದೇ ಇದ್ದದ್ದು ಒಂದಿತ್ತು, ವಾಸನೆ. ಬಾಗಿಲು ಮುಚ್ಚಿ, ಲೈಟು ಹಾಕಿ, ಎಸಿ ಆನ್ ಮಾಡಿ ಅರ್ಧ ಗಂಟೆ ಆಗುವಷ್ಟರಲ್ಲಿ ಕಣ್ಣು ಉರಿ, ಗಂಟಲಲ್ಲಿ ಕೆರೆತ. ಬ್ರೇಕ್ ಬಂದಾಗಲೆಲ್ಲ ಮೇಕಪ್‌ನವರು ಓಡಿಬಂದು ಕಣ್ಣಿನ ಕೆಳಗೆ ಒರೆಸಬೇಕಾಯಿತು. ವೀಕ್ಷಕರು ನಾನು ಯಾವುದೋ ಸುದ್ದಿಗೆ ಭಾವುಕನಾದೆ ಅಂದುಕೊಂಡರೋ ಏನೋ!

ಸೆಟ್ ಮಾಡಿದ ಕಾರ್ಪೆಂಟರ್‌ನ ಕರೆದು ಕೇಳಿದೆ. ಏನಪ್ಪಾ ಇದು? ಅವರು ನಗುತ್ತಾ ಹೇಳಿದರು, “ಹೊಸ ಮಾಲು ಅಲ್ವಾ ಸಾರ್. ಒಂದೆರಡು ವಾರ ಇರುತ್ತೆ, ಆಮೇಲೆ ಅಭ್ಯಾಸ ಆಗೋಗುತ್ತೆ.”

ಅಭ್ಯಾಸ ಆಗೋಗುತ್ತೆ. ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ವಾಸನೆ ಹೋಗುತ್ತೆ ಅಂತ ಅವರು ಹೇಳಲಿಲ್ಲ ನೋಡಿ, ನಮಗೆ ಅಭ್ಯಾಸ ಆಗುತ್ತೆ ಅಂದರು. ಎರಡೂ ಒಂದೇನಾ?

ಈ ವಿಷಯ ಒಂದು ದಿನ ಕಾರ್ಯಕ್ರಮದಲ್ಲಿ ಮಾತಿಗೆ ಬಂತು. ಮರುದಿನ ಒಬ್ಬ ತಾಯಿಯ ಮೆಸೇಜ್ ಬಂತು. ಬೆಂಗಳೂರಿನ ಹೊರವಲಯದಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್ ತಗೊಂಡಿದ್ದಾರೆ. ಸಾಲ ಇದೆ, ಇಎಂಐ ಇದೆ. ಮಗನಿಗೆ ಆರು ವರ್ಷ, ಆಗಾಗ ವೀಸಿಂಗ್ ಬರುತ್ತೆ. ಮಗನ ರೂಮಿಗೆ ಮರದ ನೆಲ ಹಾಕಿಸಬೇಕು ಅಂತ ಮನೆಯವರಿಗೆಲ್ಲ ಆಸೆ. ಅಂಗಡಿಗೆ ಹೋದರೆ ಐವತ್ತು ಡಿಸೈನ್ ತೋರಿಸುತ್ತಾರೆ. “ಸಾರ್, ನಮ್ಮ ಬಜೆಟ್ ಚಿಕ್ಕದು. ಕಡಿಮೆ ದುಡ್ಡಲ್ಲಿ, ಮಗುವಿಗೆ ತೊಂದರೆ ಆಗದೇ ಇರೋ ಮರದ ನೆಲ ಯಾವುದು ಅಂತ ಯಾರನ್ನ ಕೇಳೋದು?” ಅಂತ ಬರೆದಿದ್ದರು.

ಒಳ್ಳೇ ಪ್ರಶ್ನೆ. ಇದು ಆ ಒಂದು ಮನೆಯ ಪ್ರಶ್ನೆಯಲ್ಲ. ಹುಬ್ಬಳ್ಳಿಯಲ್ಲಿ, ಮೈಸೂರಲ್ಲಿ, ಮಂಗಳೂರಲ್ಲಿ ಈಗ ಮನೆ ಕಟ್ಟುತ್ತಿರುವ, ಫ್ಲಾಟ್ ತಗೊಳ್ಳುತ್ತಿರುವ ಸಾವಿರಾರು ಜನರದ್ದು. ಹಾಗಾಗಿ ಸ್ವಲ್ಪ ವಿವರವಾಗಿ ಮಾತಾಡೋಣ.

ಮೊದಲು, ಅಂಗಡಿಯವರು ‘ವುಡನ್ ಫ್ಲೋರಿಂಗ್’ ಅಂತ ಕೊಡೋದು ಏನು? ಒಂದೇ ಹೆಸರಲ್ಲಿ ನಾಲ್ಕು ಬೇರೆ ಬೇರೆ ಮಾಲು ಇರುತ್ತೆ. ಮೊದಲನೆಯದು ಲ್ಯಾಮಿನೇಟ್. ಮರದ ನಾರನ್ನು ಅಂಟಿನ ಜೊತೆ ಒತ್ತಿ ಮಾಡಿದ ಎಚ್‌ಡಿಎಫ್ ಹಲಗೆ, ಅದರ ಮೇಲೆ ಮರದ ಚಿತ್ರ ಅಚ್ಚು ಹಾಕಿದ ಕಾಗದ, ಅದರ ಮೇಲೊಂದು ಗಟ್ಟಿ ಪದರ. ಅಂದರೆ ನೀವು ನೋಡ್ತಿರೋದು ತೇಗವಲ್ಲ, ತೇಗದ ಫೋಟೋ. ಎರಡನೆಯದು ಎಂಜಿನಿಯರ್ಡ್ ವುಡ್. ಮೇಲೆ ತೆಳುವಾದ ನಿಜವಾದ ಮರದ ಪದರ, ಕೆಳಗೆ ಪ್ಲೈವುಡ್ ಅಥವಾ ಎಚ್‌ಡಿಎಫ್. ಮೂರನೆಯದು ಗಟ್ಟಿ ಮರದ ಹಲಗೆ, ನಮ್ಮ ಮಲೆನಾಡಿನ ಮನೆಗಳ ಮಹಡಿಯಲ್ಲಿ, ಅಟ್ಟದಲ್ಲಿ ಇರುತ್ತಲ್ಲ, ಅದು. ನಾಲ್ಕನೆಯದು ವಿನೈಲ್, ಎಸ್‌ಪಿಸಿ ಅಂತ ಬರೋದು. ಇದರಲ್ಲಿ ಮರವೇ ಇಲ್ಲ, ಪ್ಲಾಸ್ಟಿಕ್ಕು, ಕಲ್ಲಿನ ಪುಡಿ. ಆದರೂ ಅಂಗಡಿಯ ಬೋರ್ಡಿನ ಕೆಳಗೆ ನಾಲ್ಕೂ ಅಣ್ಣತಮ್ಮಂದಿರ ಹಾಗೆ ನಿಂತಿರುತ್ತವೆ.

ಈಗ ವಿಷದ ಮಾತು. ಮರ ಅಂದರೆ ನೈಸರ್ಗಿಕ, ನೈಸರ್ಗಿಕ ಅಂದರೆ ಒಳ್ಳೇದು ಅಂತ ನಾವು ನಂಬಿದ್ದೇವೆ. ಮರ ಹೆಚ್ಚೇನೂ ಮಾಡೋದಿಲ್ಲ ಬಿಡಿ. ತೊಂದರೆ ಇರೋದು ಮರದ ಪುಡಿಯನ್ನು, ಪದರಗಳನ್ನು ಹಿಡಿದಿಡುವ ಅಂಟಿನಲ್ಲಿ, ಅದರ ಮೇಲೆ ಬಳಿಯುವ ಪಾಲಿಷ್‌ನಲ್ಲಿ. ಅಗ್ಗದ ಹಲಗೆಗಳಲ್ಲಿ ಹೆಚ್ಚಾಗಿ ಬಳಸೋದು ಯೂರಿಯಾ ಫಾರ್ಮಾಲ್ಡಿಹೈಡ್ ಅನ್ನೋ ಅಂಟು. ಅದರಿಂದ ಹೊರಬರೋ ಅನಿಲ ಫಾರ್ಮಾಲ್ಡಿಹೈಡ್. ಹೆಸರು ದೊಡ್ಡದು, ಆದರೆ ನಿಮಗೆ ಪರಿಚಯದ್ದೇ. ಕಾಲೇಜಿನ ಜೀವಶಾಸ್ತ್ರದ ಲ್ಯಾಬಲ್ಲಿ ಗಾಜಿನ ಜಾಡಿಯೊಳಗೆ ಕಪ್ಪೆ, ಹಾವು ಇಟ್ಟಿರ್ತಿದ್ದರಲ್ಲ, ಮುಚ್ಚಳ ತೆಗೆದರೆ ಮೂಗಿಗೆ ರಪ್ಪನೆ ಹೊಡೆಯುತ್ತಿತ್ತಲ್ಲ, ಆ ಫಾರ್ಮಲಿನ್. ಇದೇ ಅನಿಲವನ್ನು ನೀರಲ್ಲಿ ಕರಗಿಸಿದರೆ ಫಾರ್ಮಲಿನ್. 2018ರಲ್ಲಿ ಮೀನಿಗೆ ಫಾರ್ಮಲಿನ್ ಹಾಕ್ತಾರೆ ಅಂತ ಕೇರಳ, ಗೋವಾದಲ್ಲಿ ದೊಡ್ಡ ಗಲಾಟೆ ಆಯ್ತು, ನಾವೂ ಗಂಟೆಗಟ್ಟಲೆ ಚರ್ಚೆ ಮಾಡಿದೆವು. ಮೀನಿಗೆ ಹಾಕಿದರೆ ಬ್ರೇಕಿಂಗ್ ನ್ಯೂಸ್. ಮಗು ಮಲಗೋ ರೂಮಿನ ನೆಲದಿಂದ ಬಂದರೆ? ಅದಕ್ಕೆ ‘ಹೊಸ ಮನೆ ವಾಸನೆ’ ಅಂತ ಹೆಸರು!

ಎಷ್ಟು ಅಪಾಯ? ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕೆಂದರೆ ಹೆದರಿಸೋದು ಸುಲಭ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದಕ್ಕೆ ಮುಖ್ಯ ಆಧಾರ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ಇದನ್ನು ಉಸಿರಾಡಿದ ಕೆಲಸಗಾರರು. ಮನೆಯ ಮಟ್ಟದಲ್ಲಿ ಮೊದಲು ಕಾಣೋದು ಕಣ್ಣುರಿ, ಮೂಗಿನ ಉರಿ, ಗಂಟಲು ಕೆರೆತ. ವೀಸಿಂಗ್, ಅಸ್ತಮಾ ಇರೋರಿಗೆ ಉಸಿರಾಟದ ತೊಂದರೆ ಕೆರಳಬಹುದು. ಮನೆಯೊಳಗಿನ ಗಾಳಿಯಲ್ಲಿ ಒಂದು ಘನ ಮೀಟರಿಗೆ 0.1 ಮಿಲಿಗ್ರಾಂ ದಾಟಬಾರದು, ಅರ್ಧ ಗಂಟೆಯ ಸರಾಸರಿಯಲ್ಲಿ, ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೇಳಿದೆ. ಹಾಗಾಗಿ ಲ್ಯಾಮಿನೇಟ್ ಹಾಕಿಸಿದವರೆಲ್ಲ ಗಾಬರಿಯಾಗಬೇಡಿ. ಪ್ರಶ್ನೆ ಇರೋದು ಎಷ್ಟು ಬರುತ್ತೆ, ಎಷ್ಟು ದಿನ ಬರುತ್ತೆ, ಮನೆಯೊಳಗೆ ಗಾಳಿ ಎಷ್ಟು ಆಡುತ್ತೆ ಅನ್ನೋದರಲ್ಲಿ.

ಈ ‘ಎಷ್ಟು ಬರುತ್ತೆ’ ಅನ್ನೋದನ್ನ ಅಳೆದು ದರ್ಜೆ ಕೊಡುತ್ತಾರೆ. ಯುರೋಪಿನಲ್ಲಿ ಇ1, ಇ2 ಅಂತ ಎರಡು ದರ್ಜೆ. ಇ1 ಅಂದರೆ ಪರೀಕ್ಷೆಯ ಪೆಟ್ಟಿಗೆಯ ಗಾಳಿಯಲ್ಲಿ ಘನ ಮೀಟರಿಗೆ 0.124 ಮಿಲಿಗ್ರಾಂ ಮೀರಬಾರದು. ಇ2 ಅದಕ್ಕಿಂತ ಎಷ್ಟೋ ಸಡಿಲ. ಯುರೋಪ್ ಒಕ್ಕೂಟ 2023ರಲ್ಲಿ ಇನ್ನೂ ಬಿಗಿ ನಿಯಮ ತಂದು, ಮರದ ಸಾಮಾನುಗಳಿಗೆ ಈ ಮಿತಿಯನ್ನು ಅರ್ಧಕ್ಕೆ, ಅಂದರೆ 0.062ಕ್ಕೆ ಇಳಿಸಿದೆ. 2026ರ ಆಗಸ್ಟಿನಿಂದ ಅದು ಜಾರಿ. ಅಮೆರಿಕದ ಕ್ಯಾಲಿಫೋರ್ನಿಯಾದವರದ್ದು ಕಾರ್ಬ್ ಫೇಸ್ 2 ಅಂತ ಒಂದು ನಿಯಮ. ಅದನ್ನೇ ಹೋಲುವ ಟಿಎಸ್‌ಸಿಎ ಟೈಟಲ್ 6 ಅನ್ನೋದು ಇಡೀ ಅಮೆರಿಕಕ್ಕೆ. ಜಪಾನಿನವರದ್ದು ಎಫ್ ಅಕ್ಷರದ ಪಕ್ಕ ನಾಲ್ಕು ನಕ್ಷತ್ರ. ಇವುಗಳಲ್ಲಿ ಯಾವುದಾದರೂ ಒಂದು ಬಾಕ್ಸಿನ ಮೇಲೆ ಇದೆಯಾ ನೋಡಿ. ಇ1 ಅನ್ನೋದು ಕನಿಷ್ಠ. ಏನೂ ಬರೆದಿಲ್ಲ ಅಂದರೆ ಅದನ್ನು ಇ2ಗಿಂತ ಮೇಲು ಅಂತ ಭಾವಿಸೋಕೆ ನಿಮಗೆ ಯಾವ ಕಾರಣವೂ ಇಲ್ಲ.

ಇನ್ನೊಂದು ಕಿವಿಮಾತು. ಅಂಗಡಿಯಲ್ಲಿ ‘ಇ0 ಸಾರ್, ಜೀರೋ’ ಅಂತಾರೆ. ಈ ಇ0 ಅನ್ನೋದು ಯುರೋಪಿನ ಆ ಮಾನದಂಡದಲ್ಲಿ ಇಲ್ಲವೇ ಇಲ್ಲ. ಕಡಿಮೆ ಬಿಡುವ ಮಾಲಿಗೆ ತಯಾರಕರು ಬಳಸುವ ಹೆಸರು ಅದು. ನಿಜಕ್ಕೂ ಒಳ್ಳೇ ಮಾಲೂ ಇರಬಹುದು, ಬರೀ ಸ್ಟಿಕ್ಕರೂ ಇರಬಹುದು. ಹಾಗಾಗಿ ಅಕ್ಷರ ನೋಡಿ ಖುಷಿಪಡಬೇಡಿ, ಅಂಕಿ ಕೇಳಿ. “ಟೆಸ್ಟ್ ರಿಪೋರ್ಟ್ ಕೊಡಿ, ಅದರಲ್ಲಿ ಎಷ್ಟು ಮಿಲಿಗ್ರಾಂ ಬಂದಿದೆ?” ಅಷ್ಟೇ. ರಿಪೋರ್ಟಿನಲ್ಲಿ ನಾಲ್ಕು ನೋಡಿ. ನೀವು ತಗೊಳ್ಳುವ ಅದೇ ಮಾಲಿನ ಹೆಸರು ಇದೆಯಾ, ಲ್ಯಾಬ್ ಯಾವುದು, ಅದಕ್ಕೆ ಎನ್‌ಎಬಿಎಲ್ ಮಾನ್ಯತೆ ಇದೆಯಾ, ತಾರೀಖು ಯಾವುದು. ಐದು ವರ್ಷದ ಹಿಂದೆ ಬೇರೆ ಯಾವುದೋ ಹಲಗೆಗೆ ಮಾಡಿಸಿದ ರಿಪೋರ್ಟಿನ ಜೆರಾಕ್ಸ್ ಕೊಟ್ಟರೆ ನಮಸ್ಕಾರ ಹಾಕಿ ಮುಂದಿನ ಅಂಗಡಿಗೆ ಹೋಗಿ. ‘ಇಕೋ ಫ್ರೆಂಡ್ಲಿ’, ‘ಗ್ರೀನ್’ ಅಂತ ಬರೆದಿದ್ದರೆ ಅದಕ್ಕೂ ಆಧಾರ ಕೇಳಬಹುದು. ಹೀಗೆ ಪರಿಸರದ ಹೆಸರಲ್ಲಿ ಸುಳ್ಳು ಹೇಳಿ ಮಾರೋದರ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ತಂದಿದೆ. ನೀವು ಕೇಳೋದು ಅಧಿಕಪ್ರಸಂಗ ಅಲ್ಲ, ಹಕ್ಕು.

ಇಷ್ಟೆಲ್ಲ ಕೇಳಬೇಕಾ ಅಂತೀರಾ? ಅಮೆರಿಕದಲ್ಲಿ ನಡೆದ ಒಂದು ಕಥೆ ಕೇಳಿ. ಲಂಬರ್ ಲಿಕ್ವಿಡೇಟರ್ಸ್ ಅಂತ ಅಲ್ಲಿನ ದೊಡ್ಡ ಫ್ಲೋರಿಂಗ್ ಕಂಪನಿ. 2015ರ ಮಾರ್ಚ್ 1ರಂದು ಸಿಬಿಎಸ್ ಚಾನೆಲ್‌ನ ‘60 ಮಿನಿಟ್ಸ್’ ಕಾರ್ಯಕ್ರಮದಲ್ಲಿ ಒಂದು ವರದಿ ಬಂತು. ಚೀನಾದಲ್ಲಿ ತಯಾರಾದ ಆ ಕಂಪನಿಯ ಲ್ಯಾಮಿನೇಟ್ ಹಲಗೆಯ 31 ಬಾಕ್ಸ್‌ಗಳನ್ನು ಬೇರೆ ಬೇರೆ ಅಂಗಡಿಗಳಲ್ಲಿ ಕೊಂಡು ಲ್ಯಾಬಿಗೆ ಕಳಿಸಿದ್ದರು. ಕ್ಯಾಲಿಫೋರ್ನಿಯಾದ ಮಿತಿಯೊಳಗೆ ಇದ್ದದ್ದು ಎಷ್ಟು ಗೊತ್ತಾ? ಒಂದೇ ಒಂದು! ಬಾಕ್ಸಿನ ಮೇಲೆ ‘ಕಾರ್ಬ್ ಫೇಸ್ 2’ ಅಂತ ಮುದ್ರೆ ಇತ್ತು. ಪರೀಕ್ಷೆ ಮಾಡಿದ ವಿಧಾನವೇ ಸರಿಯಿಲ್ಲ, ಮೇಲಿನ ಪದರ ಕಿತ್ತು ಅಳೆದಿದ್ದಾರೆ, ಮನೆಯಲ್ಲಿ ಯಾರೂ ಹಾಗೆ ಕಿತ್ತು ಬಳಸೋದಿಲ್ಲ ಅಂತ ಕಂಪನಿ ವಾದಿಸಿತು. ಆದರೂ ಅದೇ ವರ್ಷ ಮೇ ತಿಂಗಳಲ್ಲಿ ಚೀನಾದ ಲ್ಯಾಮಿನೇಟ್ ಮಾರೋದನ್ನ ನಿಲ್ಲಿಸಿತು. ಆಮೇಲೆ ಗ್ರಾಹಕರ ಮೊಕದ್ದಮೆಗಳನ್ನು 3.6 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು.

ಇದರ ಇನ್ನೊಂದು ತಿರುವೂ ಗೊತ್ತಿರಲಿ. 2016ರ ಫೆಬ್ರವರಿಯಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿ, ಈ ನೆಲದಿಂದ ಒಂದು ಲಕ್ಷ ಜನರಲ್ಲಿ ಹೆಚ್ಚುವರಿಯಾಗಿ 2ರಿಂದ 9 ಜನರಿಗೆ ಕ್ಯಾನ್ಸರ್ ಬರಬಹುದು ಅಂತ ಹೇಳಿತು. ಕೆಲವೇ ವಾರದಲ್ಲಿ ತಿದ್ದುಪಡಿ ಬಂತು. 2ರಿಂದ 9 ಅಲ್ಲ, 6ರಿಂದ 30. ಏನಾಗಿತ್ತು ಅಂದರೆ, ಮನೆಯ ಸೀಲಿಂಗಿನ ಎತ್ತರವನ್ನು ಲೆಕ್ಕಕ್ಕೆ ತಗೊಳ್ಳೋವಾಗ ತಪ್ಪಾಗಿತ್ತು. ಅಷ್ಟು ದೊಡ್ಡ ಸಂಸ್ಥೆಯ ಲೆಕ್ಕವೇ ತಪ್ಪಿತು ಅಂದಮೇಲೆ ಅಂಗಡಿಯವರ ಬಾಯಿಮಾತಿನ ಲೆಕ್ಕ ನಂಬೋದಾ? ಹಾಗೇ, 6ರಿಂದ 30 ಅನ್ನೋದು ಲಕ್ಷ ಜನರಲ್ಲಿ, ಅದೂ ಹೆಚ್ಚೇ ಇರಲಿ ಅಂತ ಹಾಕಿದ ಅಂದಾಜು. ಉಸಿರಾಟದ ಕಿರಿಕಿರಿಯಂತೂ ಇವತ್ತೇ, ಈ ರೂಮಲ್ಲೇ ಆಗೋದು.

ನಮ್ಮ ಊರಿಗೆ ಬರೋಣ. ಇ1 ಪರೀಕ್ಷೆ ಮಾಡೋದು ಹೇಗೆ ಅಂದರೆ, 23 ಡಿಗ್ರಿ ಉಷ್ಣಾಂಶ, ಗಾಳಿಯಲ್ಲಿ 45ರಷ್ಟು ತೇವಾಂಶ, ಗಂಟೆಗೊಮ್ಮೆ ಪೆಟ್ಟಿಗೆಯ ಗಾಳಿ ಪೂರ್ತಿ ಬದಲಾಗಬೇಕು. ಜುಲೈನಲ್ಲಿ ಮಂಗಳೂರಲ್ಲಿ, ಆಗುಂಬೆಯಲ್ಲಿ ತೇವಾಂಶ 45 ಇರುತ್ತಾ? ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಲ್ಲಿ 23 ಡಿಗ್ರಿ ಇರುತ್ತಾ? ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನ ಗುಣವೇ ಅದು. ಬಿಸಿ ಏರಿದರೆ, ತೇವ ಏರಿದರೆ ಹೆಚ್ಚು ಅನಿಲ ಬಿಡುತ್ತೆ. ಇನ್ನು ಎಸಿ ಹಾಕಿ ಕಿಟಕಿ ಜಡಿದ ರೂಮಲ್ಲಿ ಗಂಟೆಗೊಮ್ಮೆ ಗಾಳಿ ಎಲ್ಲಿ ಬದಲಾಗುತ್ತೆ? ಹಾಗಾಗಿ ಯುರೋಪಿನವನಿಗೆ ಇ1 ಸಾಕಾದರೆ ಕರಾವಳಿಯವರಿಗೆ, ಮಲೆನಾಡಿನವರಿಗೆ ಅದಕ್ಕಿಂತ ಬಿಗಿಯಾದದ್ದೇ ಬೇಕು. ಕಾರ್ಬ್ ಫೇಸ್ 2, ನಾಲ್ಕು ನಕ್ಷತ್ರ, ಅಥವಾ ಫಾರ್ಮಾಲ್ಡಿಹೈಡ್ ಸೇರಿಸದ ಅಂಟು. ಇಂಥ ಅಂಟುಗಳಲ್ಲಿ ಎಂಡಿಐ ಅನ್ನೋದು ಒಂದು. ಕೇಳಿ ನೋಡಿ, ಕೆಲವು ಕಂಪನಿಗಳಲ್ಲಿ ಸಿಗುತ್ತೆ.

ಪ್ಲೈವುಡ್ ವಿಷಯದಲ್ಲಿ ನಮ್ಮ ಐಎಸ್ 303 ಮುದ್ರೆಯಲ್ಲಿ ಎರಡು ಇರುತ್ತೆ, ಎಂಆರ್ ಮತ್ತು ಬಿಡಬ್ಲ್ಯುಆರ್. ಬಿಡಬ್ಲ್ಯುಆರ್‌ನಲ್ಲಿ ಸಾಮಾನ್ಯವಾಗಿ ಫೀನಾಲ್ ಆಧಾರಿತ ಅಂಟು. ಇದು ನೀರಿಗೂ ತಡೆಯುತ್ತೆ, ಯೂರಿಯಾ ಅಂಟಿಗಿಂತ ಎಷ್ಟೋ ಕಡಿಮೆ ಅನಿಲ ಬಿಡುತ್ತೆ. ಹಲಗೆಯ ಕೆಳಗೆ ಪ್ಲೈ ಹಾಸಬೇಕು ಅಂತ ಕಾರ್ಪೆಂಟರ್ ಹೇಳಿದರೆ, ಸ್ವಲ್ಪ ದುಬಾರಿ ಆದರೂ ಬಿಡಬ್ಲ್ಯುಆರ್ ಅನ್ನಿ.

ಸರಿ, ಬಜೆಟ್ಟಿಗೆ ಬರೋಣ. ದುಡ್ಡು ಉಳಿಸೋ ದೊಡ್ಡ ದಾರಿ ಅಗ್ಗದ ಹಲಗೆ ತಗೊಳ್ಳೋದಲ್ಲ, ಕಡಿಮೆ ಜಾಗಕ್ಕೆ ಹಾಕಿಸೋದು. ಇಡೀ ಮನೆಗೆ ಹೆಸರೇ ಇಲ್ಲದ ಲ್ಯಾಮಿನೇಟ್ ಹಾಕೋ ಬದಲು ಒಂದೇ ರೂಮಿಗೆ ರಿಪೋರ್ಟ್ ಇರೋ ಹಲಗೆ ಹಾಕಿ. ಲೆಕ್ಕಕ್ಕೆ ಎರಡು ರೇಟು ಇಟ್ಟುಕೊಳ್ಳೋಣ, ಮಾರ್ಕೆಟ್ ರೇಟು ನೀವೇ ವಿಚಾರಿಸಿ. 900 ಚದರಡಿ ಮನೆ, ಕತ್ತರಿಸಿ ಹಾಳಾಗೋದಕ್ಕೆ ಹತ್ತು ಪರ್ಸೆಂಟ್ ಸೇರಿ 990 ಚದರಡಿ, ಚದರಡಿಗೆ 90 ರೂಪಾಯಿಯ ಅಗ್ಗದ ಮಾಲು. 89,100 ರೂಪಾಯಿ ಆಯ್ತು. ಅದೇ ಹತ್ತಡಿ ಹನ್ನೆರಡಡಿಯ ಒಂದು ರೂಮು, ಹತ್ತು ಪರ್ಸೆಂಟ್ ಸೇರಿ 132 ಚದರಡಿ, ಚದರಡಿಗೆ 150 ರೂಪಾಯಿಯ ಒಳ್ಳೇ ಮಾಲು. 19,800 ರೂಪಾಯಿ. ಮಾಲು ದುಬಾರಿ, ಬಿಲ್ಲು ಕಾಲು ಭಾಗಕ್ಕಿಂತ ಕಡಿಮೆ. ಅನಿಲ ಬಿಡೋ ಜಾಗವೂ ಕಡಿಮೆ.

ಎರಡನೆಯದು, ಇರೋ ಟೈಲ್ಸ್ ಒಡೆಸಬೇಡಿ. ಲ್ಯಾಮಿನೇಟ್‌ನಲ್ಲಿ, ಎಂಜಿನಿಯರ್ಡ್ ವುಡ್‌ನಲ್ಲಿ ಒಂದಕ್ಕೊಂದು ಕ್ಲಿಕ್ ಆಗಿ ಕೂರೋ ಹಲಗೆ ಬರುತ್ತೆ. ಟೈಲ್ಸ್ ಮಟ್ಟವಾಗಿದ್ದರೆ ಅದರ ಮೇಲೆ ಪ್ಲಾಸ್ಟಿಕ್ ಶೀಟು, ತೆಳು ಫೋಮು, ಅದರ ಮೇಲೆ ಹಲಗೆ ಜೋಡಿಸಿದರೆ ಆಯ್ತು. ಒಂದು ತೊಟ್ಟು ಅಂಟೂ ಬೇಕಿಲ್ಲ. ಇದರಿಂದ ಎರಡು ಲಾಭ. ಒಂದು, ಕೂಲಿ ಉಳೀತು. ಎರಡು, ನೆಲಕ್ಕೆ ಅಂಟಿಸಲು ಬಳಸೋ ರಬ್ಬರ್ ಗಮ್‌ನ ಕಾಟ ತಪ್ಪಿತು. ಆ ಗಮ್‌ಗಳಲ್ಲಿ ಟಾಲ್ವಿನ್‌ನಂಥ ದ್ರಾವಕ ಇರುತ್ತೆ, ಮುಚ್ಚಿದ ರೂಮಲ್ಲಿ ಅದನ್ನ ಬಳಿಯುವವರಿಗೆ ತಲೆ ತಿರುಗುತ್ತೆ. ಬಾಗಿಲಿನ ಕೆಳಗೆ ಮಾತ್ರ ಸ್ವಲ್ಪ ಕೊಯ್ಯಬೇಕಾಗಬಹುದು, ಅದನ್ನ ಮೊದಲೇ ಮಾತಾಡಿಕೊಳ್ಳಿ.

ಮೂರನೆಯದು, ಹಾಕೋ ಮೊದಲು ನೆಲದ ತೇವ ನೋಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಒಂದು ದಿನ ಬಿಡಿ. ಮಾರನೇ ದಿನ ಒಳಗೆ ಬೆವರಿನ ಹಾಗೆ ಹನಿ ಕೂತಿದ್ದರೆ ಅಲ್ಲಿ ಮರದ ನೆಲ ಬೇಡ. ತೇವ ಅಂದರೆ ಹಲಗೆ ಉಬ್ಬುತ್ತೆ, ಬೂಷ್ಟು ಬರುತ್ತೆ, ವೀಸಿಂಗ್ ಇರೋ ಮಗುವಿಗೆ ಬೂಷ್ಟು ಇನ್ನೂ ಕೆಟ್ಟದ್ದು. ಗ್ರೌಂಡ್ ಫ್ಲೋರ್ ಮನೆ, ಗೆದ್ದಲು ಇರೋ ಜಾಗ ಅಂದರೆ ಇನ್ನೊಂದು ಲೆಕ್ಕ ಇದೆ. ಗೆದ್ದಲಿಗೆ ಕೀಟನಾಶಕ ಹೊಡೆಸಲೇಬೇಕಾಗುತ್ತೆ. ವಿಷ ಕಡಿಮೆ ಇರೋ ಹಲಗೆ ತಂದು, ಅದನ್ನ ಉಳಿಸೋಕೆ ಅದರ ಕೆಳಗೆ ವಿಷ ಸುರಿಯೋದು ಯಾವ ಬುದ್ಧಿವಂತಿಕೆ? ಅಂಥ ಕಡೆ ಟೈಲ್ಸ್, ಕಲ್ಲು, ರೆಡ್ ಆಕ್ಸೈಡ್ ನೆಲವೇ ವಾಸಿ.

ಗಟ್ಟಿ ಮರ ಹಾಕಬಾರದಾ? ಹಾಕಬಹುದು, ಅಂಟಿನ ವಿಷಯದಲ್ಲಿ ಅದರಷ್ಟು ನಿಶ್ಚಿಂತೆ ಯಾವುದೂ ಇಲ್ಲ. ಹೊಸ ತೇಗ ನಮ್ಮ ಬಜೆಟ್ಟಿಗೆ ಸಿಗೋದಿಲ್ಲ. ಆದರೆ ಹಳೇ ಮನೆ ಕೆಡವಿದಾಗ ಸಿಗೋ ತೊಲೆ, ಹಲಗೆ ಒಂದು ದಾರಿ. ಹಾಗೆ ತಂದ ಮರದ ಮೇಲೆ ಹಳೇ ಬಣ್ಣ ಇದ್ದರೆ ಹುಷಾರು. ಮನೆಗೆ ಬಳಿಯೋ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಎಷ್ಟಿದೆಯೋ ಹೇಳೋಕಾಗೋದಿಲ್ಲ. ಅದನ್ನ ಮನೆಯೊಳಗೆ ಉಜ್ಜಿದರೆ ಸೀಸದ ಪುಡಿ ಮಗುವಿನ ಕೈಗೆ, ಬಾಯಿಗೆ. ಬಣ್ಣ ಬಳಿಯದ ಮರ ಮಾತ್ರ ತಗೊಳ್ಳಿ, ಇಲ್ಲಾ ರಂದಾ ಹೊಡೆಯೋದು, ಉಜ್ಜೋದು ಎಲ್ಲಾ ಮಿಲ್ಲಿನಲ್ಲೇ ಮುಗಿಸಿ.

ಪಾಲಿಷ್ ವಿಷಯ ಯಾರೂ ಹೇಳೋದಿಲ್ಲ. ನಮ್ಮ ಕಾರ್ಪೆಂಟರುಗಳ ಮೆಚ್ಚಿನ ಮೆಲಮೈನ್ ಪಾಲಿಷ್ ಇದೆಯಲ್ಲ, ಅದು ಒಣಗೋವಾಗ ಬಿಡೋದೂ ಫಾರ್ಮಾಲ್ಡಿಹೈಡನ್ನೇ. ಅಂದರೆ ತೇಗದ ಹಲಗೆ ತಂದು ಅದರ ಮೇಲೆ ಮೆಲಮೈನ್ ಬಳಿದರೆ ಮುಂಬಾಗಿಲಲ್ಲಿ ಕಳಿಸಿದ ಕಳ್ಳನನ್ನ ಹಿತ್ತಲ ಬಾಗಿಲಿಂದ ಕರೆದ ಹಾಗೆ. ಎರಡು ಡಬ್ಬ ಬೆರೆಸಿ ಹೊಡೆಯುವ ಪಿಯು ಪಾಲಿಷ್‌ನಲ್ಲಿ ಐಸೋಸಯನೇಟ್ ಇರುತ್ತೆ, ಸ್ಪ್ರೇ ಮಾಡೋವಾಗ ಅದು ಅಸ್ತಮಾ ತರುವಂಥದ್ದು. ನೀರು ಆಧಾರಿತ ಪಾಲಿಷ್ ಕೇಳಿ. ಇಲ್ಲಾ ಅಗಸೆ ಎಣ್ಣೆ ತೆಳುವಾಗಿ ಒರೆಸಿ ವಾರಗಟ್ಟಲೆ ಒಣಗಲು ಬಿಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ನೀರಲ್ಲಿ ನೆನೆಸಿ ಬಿಸಾಡಿ.

ವಿನೈಲ್, ಎಸ್‌ಪಿಸಿ? ನೀರಿಗೆ ಹೆದರೋದಿಲ್ಲ, ಯೂರಿಯಾ ಅಂಟಿನ ತೊಂದರೆ ಇಲ್ಲ. ಆದರೆ ಅದು ಪಿವಿಸಿ ಪ್ಲಾಸ್ಟಿಕ್. ಮೆತ್ತಗೆ ಮಾಡೋಕೆ ಥ್ಯಾಲೇಟ್ ಅನ್ನೋ ರಾಸಾಯನಿಕ ಸೇರಿಸಿರಬಹುದು. ತಗೊಳ್ಳೋದಾದರೆ ಥ್ಯಾಲೇಟ್ ಇಲ್ಲ ಅನ್ನೋದಕ್ಕೂ ಕಾಗದ ಕೇಳಿ. ಬಿದಿರಿನ ಹಲಗೆ ಹಸಿರು ಅಂತ ಮಾರುತ್ತಾರೆ, ಅದೂ ಬಿದಿರಿನ ಎಳೆಯನ್ನು ಅಂಟಲ್ಲಿ ಒತ್ತಿ ಮಾಡಿದ್ದೇ. ಪ್ರಶ್ನೆ ಅದೇ, ಅಂಟು ಯಾವುದು ಸ್ವಾಮಿ?

ನೆಲ ಒಂದನ್ನೇ ನೋಡಿ ಸುಮ್ಮನಾಗಬೇಡಿ. ಅದೇ ರೂಮಲ್ಲಿ ಎರಡು ಗೋಡೆ ತುಂಬ ಎಂಡಿಎಫ್ ವಾರ್ಡ್‌ರೋಬ್, ಪಾರ್ಟಿಕಲ್ ಬೋರ್ಡಿನ ಮಂಚ, ಸ್ಟಡಿ ಟೇಬಲ್ ಇಟ್ಟರೆ ಅವುಗಳ ಹಲಗೆ ನೆಲದ ಎರಡರಷ್ಟಾಗುತ್ತೆ. ಕತ್ತರಿಸಿ ಹಾಗೇ ಬಿಟ್ಟ ಅಂಚುಗಳಿಂದಲೇ ಅನಿಲ ಹೆಚ್ಚು. ವಾರ್ಡ್‌ರೋಬಿನ ಒಳಗೆ, ಹಿಂದೆ, ಕೀಲಿನ ತೂತಿನ ಸುತ್ತ ಎಲ್ಲಾ ಕಡೆ ಎಡ್ಜ್ ಬ್ಯಾಂಡ್ ಹಾಕಿಸಿ.

ಇನ್ನೊಂದು ಹೇಳಲೇಬೇಕು. ರಾತ್ರಿ ಕಿಟಕಿ ಮುಚ್ಚಿ ಸೊಳ್ಳೆ ಕಾಯಿಲ್ ಹಚ್ತೀರಾ? 2003ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಒಂದು ಕಾಯಿಲ್ ಪೂರ್ತಿ ಉರಿದರೆ ಬರೋ ಫಾರ್ಮಾಲ್ಡಿಹೈಡ್ 51 ಸಿಗರೇಟಿನಷ್ಟು ಇರಬಹುದು. ಅಗರಬತ್ತಿಯ ಹೊಗೆಯಲ್ಲೂ ಇದೆ. ಹಾಗಾದರೆ ಮೊದಲು ಸೊಳ್ಳೆ ಪರದೆ, ಕಿಟಕಿಗೆ ಜಾಲರಿ. ಅದರ ಖರ್ಚು ಹಲಗೆಯ ಖರ್ಚಿನ ಪಕ್ಕದಲ್ಲಿ ಏನೂ ಅಲ್ಲ. ಕಾಯಿಲ್ ಉರಿಯುವ ರೂಮಿಗೆ ನಾಲ್ಕು ನಕ್ಷತ್ರದ ಹಲಗೆ ಹಾಕಿಸಿದರೆ ದುಡ್ಡು ದಂಡ.

ಕೊನೆಯದಾಗಿ ಸಮಯ. ನಮ್ಮಲ್ಲಿ ಏನಾಗುತ್ತೆ? ಗೃಹಪ್ರವೇಶದ ಮುಹೂರ್ತ ಮೊದಲು ಇಟ್ಟುಬಿಡ್ತೀವಿ. ಬುಧವಾರ ಮುಹೂರ್ತ ಅಂದರೆ ಮಂಗಳವಾರ ರಾತ್ರಿವರೆಗೂ ಕಾರ್ಪೆಂಟರ್ ಕೆಲಸ. ಬೆಳಗ್ಗೆ ಹೋಮದ ಹೊಗೆ, ಪಾಲಿಷ್ ವಾಸನೆ, ಹಾಲು ಉಕ್ಕಿಸಿ ಅದೇ ರಾತ್ರಿ ಮಕ್ಕಳ ಜೊತೆ ಅಲ್ಲೇ ಮಲಗೋದು. ಫಾರ್ಮಾಲ್ಡಿಹೈಡ್ ಅತಿ ಹೆಚ್ಚು ಬರೋದು ಮೊದಲ ವಾರಗಳಲ್ಲಿ, ಆಮೇಲೆ ನಿಧಾನಕ್ಕೆ ಇಳಿಯುತ್ತೆ. ಹಾಗಾಗಿ ಮರದ ಕೆಲಸ ಮುಹೂರ್ತಕ್ಕಿಂತ ಒಂದು ತಿಂಗಳು ಮೊದಲೇ ಮುಗಿಯಲಿ. ಆಗಲಿಲ್ಲವಾ? ಮುಹೂರ್ತದಲ್ಲಿ ಪೂಜೆ ಮಾಡಿ, ಊಟ ಹಾಕಿ, ವಾಸಕ್ಕೆ ಕೆಲವು ವಾರ ಬಿಟ್ಟು ಬನ್ನಿ. ಅಷ್ಟು ದಿನ ಎರಡೂ ಕಡೆ ಕಿಟಕಿ ತೆರೆದು ಫ್ಯಾನ್ ಹಾಕಿಡಿ. ಇದಕ್ಕೆ ಒಂದು ರೂಪಾಯಿ ಹೆಚ್ಚು ಖರ್ಚಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಮುಗಿಸಿದರೆ ಮಳೆಗಾಲದ ತೇವ ಬರೋ ಹೊತ್ತಿಗೆ ಅನಿಲ ಬಹಳಷ್ಟು ಇಳಿದಿರುತ್ತೆ.

ಕೆಲಸ ಮಾಡುವವರನ್ನೂ ಮರೀಬೇಡಿ. ಮರದ ಪುಡಿ ಐಎಆರ್‌ಸಿಯ ಅದೇ ಮೊದಲ ಗುಂಪಿನಲ್ಲಿದೆ. ನಾವು ಆ ಗಾಳಿಯಲ್ಲಿ ಕೆಲವು ತಿಂಗಳು ಇರ್ತೀವಿ, ಅವರು ಜೀವನಪೂರ್ತಿ. ಹಲಗೆ ಕೊಯ್ಯೋದು ರೂಮಿನೊಳಗೆ ಬೇಡ, ಬಾಲ್ಕನಿಯಲ್ಲಿ, ಟೆರೇಸಿನಲ್ಲಿ ಆಗಲಿ. ಒಳ್ಳೇ ಎನ್95 ಮಾಸ್ಕ್ ನೀವೇ ತಂದುಕೊಡಿ. ಕೆಲವರು ಹಾಕಿಕೊಳ್ಳೋದಿಲ್ಲ, ಸೆಕೆ ಅಂತಾರೆ. ಎರಡು ಸಲ ಹೇಳಿ.

ಆ ತಾಯಿಗೆ ನಾನು ಕಳಿಸಿದ ಉತ್ತರ ಇಷ್ಟು. ಅಮ್ಮಾ, ಮಗನ ಡಾಕ್ಟರನ್ನ ಒಂದು ಮಾತು ಕೇಳಿ. ಕಾಯಿಲ್ ಇವತ್ತೇ ನಿಲ್ಲಿಸಿ. ಮರದ ನೆಲ ಬೇಕೇ ಬೇಕಾ, ಬರಿಗಾಲಿಗೆ ತಣ್ಣಗಾಗದೇ ಇದ್ದರೆ ಸಾಕಾ ಅಂತ ಯೋಚಿಸಿ. ಅಷ್ಟೇ ಸಾಕು ಅಂದರೆ ಇರೋ ಟೈಲ್ಸ್ ಮೇಲೆ ನವಲಗುಂದದ ಹತ್ತಿಯ ಜಮಖಾನ ಹಾಸಿ, ವಾರಕ್ಕೊಮ್ಮೆ ಕೊಡವಿ ಬಿಸಿಲಿಗೆ ಹಾಕಿ. ಮರವೇ ಬೇಕು ಅಂದರೆ ಒಂದು ರೂಮಿಗೆ ಮಾತ್ರ, ಕ್ಲಿಕ್ ಹಲಗೆ, ಕಾರ್ಬ್ ಫೇಸ್ 2 ರಿಪೋರ್ಟ್ ಕೈಯಲ್ಲಿ ಹಿಡಿದು, ಒಂದು ತಿಂಗಳು ಕಿಟಕಿ ತೆರೆದಿಟ್ಟು.

ಮೂರು ವಾರದ ಮೇಲೆ ಅವರ ಮೆಸೇಜ್ ಬಂತು. ಐದು ಅಂಗಡಿ ಸುತ್ತಿದರಂತೆ. ನಾಲ್ಕು ಕಡೆ ರಿಪೋರ್ಟ್ ಅಂದ ಕೂಡಲೇ “ಅದೆಲ್ಲ ಯಾರೂ ಕೇಳೋದಿಲ್ಲ ಮೇಡಂ” ಅಂದರಂತೆ. ಐದನೇ ಅಂಗಡಿಯವರು ಕಂಪ್ಯೂಟರಿನಿಂದ ತೆಗೆದು ಪ್ರಿಂಟ್ ಕೊಟ್ಟರಂತೆ. ಅಲ್ಲೇ ತಗೊಂಡೆವು ಸಾರ್, ಅಂತ ಬರೆದಿದ್ದರು.

ಯಾರೂ ಕೇಳೋದಿಲ್ಲ ಅನ್ನೋ ಧೈರ್ಯದ ಮೇಲೇ ಆ ನಾಲ್ಕು ಅಂಗಡಿ ನಡೆಯುತ್ತಿರೋದು. ಈ ವಾರ ನಿಮ್ಮಲ್ಲಿ ಯಾರಾದರೂ ಹಲಗೆ ನೋಡೋಕೆ ಹೋಗುತ್ತಿದ್ದರೆ ಬಣ್ಣ, ಡಿಸೈನ್ ಎಲ್ಲ ಆಮೇಲೆ. ಮೊದಲು ರಿಪೋರ್ಟ್ ಕೇಳಿ.